ಸ್ಪಿತಿಗೆ ಯಾರು ಹೋಗುವುದು

ಆ ವರ್ಷ ಮೇ ತಿಂಗಳಲ್ಲಿ ಅವರ್ಸಾದ ಮಂದಾಕಿನಿ ತಾನು ಹಿಮಾಲಯಕ್ಕೆ ಹೋಗುತ್ತೇನೆಂದು ಹೇಳದ ಮನೆಯಿರಲಿಲ್ಲ. ಹಾಲಿಗೆ ಬಂದವರಿಗೆ ಹೇಳಿದಳು. ಅಂಕೋಲೆ ಪೇಟೆಯ ಬಳೆಯಂಗಡಿಯವನಿಗೆ ಹೇಳಿದಳು. ಗೇರುಬೀಜ ಒಡೆಯಲು ಬರುವ ಬೊಮ್ಮಿಗಂತೂ ದಿನಾ ಹೇಳಿದಳು. ಮಗ ನಿತೇಶ ಹಿಮಾಚಲದ ಸ್ಪಿತಿ ಎಂಬಲ್ಲಿ ರಸ್ತೆ ಮಾಡಿಸುವ ಸೂಪರ್‌ವೈಸರನಾಗಿ ಎರಡು ವರ್ಷವಾಗುತ್ತ ಬಂದಿತ್ತು. ಕಳೆದ ದೀಪಾವಳಿಗೆ ಬಂದು ಹೋದವನು ಮತ್ತೆ ಬಂದಿರಲಿಲ್ಲ. ಮದುವೆಯಾಗಿಯೂ ಎರಡು ವರ್ಷ. ಹೆಂಡತಿ ಮನೀಷಾ ಅವರ್ಸಾದ ಮನೆಯಲ್ಲೇ ಅತ್ತೆ ಮಾವನ ಜೊತೆಗಿದ್ದು, ಜಗಲಿಯ ಮೂಲೆಯಲ್ಲಿ ಮಷಿನ್ ಇಟ್ಟುಕೊಂಡು ಊರವರ ರವಿಕೆ ಹೊಲಿಯುತ್ತಿದ್ದಳು.

ನಿತೇಶ ಭಾನುವಾರ ಭಾನುವಾರ ಫೋನು ಮಾಡುತ್ತಿದ್ದ. ಒಂದು ಭಾನುವಾರ ಹೇಳಿದ, "ಜೂನ್‌ನಾಗೆ ಇಲ್ಲಿ ಘಾಟಿ ರಸ್ತೆ ಬಿಡ್ತದೆ ಆಯಿ. ಹಿಮ ತೆಗೀತ್ರು. ಮನೀಷಾನ ಒಂದು ತಿಂಗ್ಳು ಕಳಿಸ್ಕೊಡಿ. ಒಬ್ಳೇ ಬರೂದು ಬ್ಯಾಡ, ಸಂಗ್ತಿಗೆ ಒಬ್ರು ಹಿರಿಯರು ಬರ್ಲಿ. ಖೋಲಿ ಅದೆ, ಅಡಿಗೆ ಮಾಡೂಕೆ ಸ್ಟೋ ಅದೆ."

ಒಬ್ಬರು ಹಿರಿಯರು ಎಂದರೆ ಯಾರೆಂದು ಮಂದಾಕಿನಿ ಕೇಳಲಿಲ್ಲ. ಕೇಳುವ ಅಗತ್ಯವೇ ಅವಳಿಗೆ ಕಾಣಲಿಲ್ಲ. ಗಂಡ ಪುಂಡಲೀಕನಿಗೆ ಮಳೆ ಬಿದ್ದ ಕೂಡಲೇ ಗದ್ದೆ ಕೆಲಸ, ಸಾಲದ್ದಕ್ಕೆ ದಮ್ಮು. ಮಗಳು ಸಂಧ್ಯಾ ಕಾರವಾರದ ಒಂದು ಸೊಸೈಟಿಯಲ್ಲಿ ಕೆಲಸಕ್ಕಿದ್ದಳು, ರಜೆ ಸಿಗುವುದಿಲ್ಲ. ಇನ್ನುಳಿದವರು ಯಾರು?

ಮರುದಿನದಿಂದಲೇ ತಯಾರಿ ಶುರುವಾಯಿತು. ಅಂಗಳದಲ್ಲಿ ಚಾಪೆ ಹಾಸಿ ಮಾವಿನ ಹಣ್ಣಿನ ಹಪ್ಪಳ ಒಣಹಾಕಿದಳು. ಹಿತ್ತಲ ಇಷಾಡ ಮಾವಿನ ಮರದಿಂದ ಇಳಿಸಿದ ಹಣ್ಣಿನಲ್ಲಿ ಮನೆಯವರ ಬಾಯಿಗೆ ಬಿದ್ದದ್ದು ಕಡಿಮೆ. ಒಣ ಸೀಗಡಿ ಹುರಿದು ಪುಡಿ ಮಾಡಿ ಡಬ್ಬಿಗೆ ತುಂಬಿದಳು. ಕುಚಲಕ್ಕಿ ಆರಿಸಿಟ್ಟಳು. ಬೆಳಿಗ್ಗೆ ಕೊಟ್ಟಿಗೆ ಕೆಲಸ ಮುಗಿಸಿ, ಹೆದ್ದಾರಿ ದಾಟಿ ಗುಡ್ಡ ಹತ್ತಿ ಇಳಿಯುವ ಅಭ್ಯಾಸ ಮಾಡಿಕೊಂಡಳು.

"ಎಂತಕ್ಕೆ ಗುಡ್ಡ ಹತ್ತೂದು? ಸೌದೆ ಬೇಕಾ?" ಎಂದು ಪುಂಡಲೀಕ ಕೇಳಿದ.

"ಸೌದೆ ಎಂತಕ್ಕೆ? ಉಸ್ರು ಬಲ ಆಗ್ಬೇಕು. ಅಲ್ಲಿ ಹನ್ನೆರಡು ಸಾವಿರ ಅಡಿ ಎತ್ತರವಂತೆ, ನಿತೇಶ ಹೇಳಿದ್ದ."

ಪುಂಡಲೀಕ ಕವಳದ ತಟ್ಟೆ ಹತ್ತಿರ ಎಳೆದುಕೊಂಡು ಎಲೆಗೆ ಸುಣ್ಣ ಸವರಿದ. ಮನೀಷಾಳ ಮಷಿನ್ ಒಂದು ಗಳಿಗೆ ನಿಂತು ಮತ್ತೆ ಓಡಿತು. ಮಂದಾಕಿನಿ ಇದನ್ನೆಲ್ಲ ಗಮನಿಸಲಿಲ್ಲ. ಸಂಜೆ ಟೀವಿಯ ಹಿಂದಿ ಧಾರಾವಾಹಿ ಎದುರು ಕೂತು, ಅವರು ಹೇಳಿದ್ದನ್ನು ತಾನೂ ಸಣ್ಣಗೆ ಹೇಳಿಕೊಳ್ಳುತ್ತಿದ್ದಳು. ಸಂಧ್ಯಾ ನಗುತ್ತಿದ್ದಳು.

"ಆಯಿ, ಅದು ಅತ್ತೆ ಸೊಸೆಗೆ ಬೈಯೂದು. ಅದ್ನ ಕಲ್ತು ಜೀಪಿನವನ ಹತ್ರ ಎಂತ ಮಾತಾಡ್ತೆ?"

"ಬೈಯೂದು ಮೊದಲು ಬಂದ್ರೆ ಉಳಿದದ್ದು ತನ್ನಷ್ಟಕ್ಕೆ ಬತ್ತದೆ," ಎಂದಳು ಮಂದಾಕಿನಿ.

ಸತ್ಯ ಅವಳಿಗೆ ತಿಳಿದದ್ದು ಮೀನಿನ ಮಂಜಿಯಿಂದ. ಮಂಜಿ ಕಾರವಾರದ ಬೈತಖೋಲ ಬಂದರಿನಲ್ಲಿ ಮೀನು ಕೊಂಡುಕೊಂಡು, ಬಸ್ಸಿನಲ್ಲಿ ಬಿಣಗಾ, ಅಮದಳ್ಳಿ ಎಂದು ಇಳಿದು ಹತ್ತಿ ಮಾರುತ್ತ ಅವರ್ಸಾಕ್ಕೆ ಬರುವವಳು. ಆ ದಿನ ಬುಟ್ಟಿ ಇಳಿಸಿ, ಬಂಗಡೆಯ ಕಿವಿರು ತೆಗೆದು ತೋರಿಸುತ್ತ ಹೇಳಿದಳು:

"ಬಿಣಗಾದಾಗೆ ನಿಮ್ಮ ಬೀಗ್ತಿ ಸಿಕ್ಕಿದ್ರು. ದಪ್ಪ ಸ್ವೆಟರು ಹಾಕಿ ನೋಡ್ತಿದ್ರು, ಈ ಸೆಕೆಯಾಗೆ. ಮುಂಡಗೋಡಿಂದ ಟಿಬೇಟಿನವ್ರದ್ದು ತರ್ಸಿದ್ದಂತೆ. ಮಗಳ ಸಂಗ್ತಿಗೆ ಅಳಿಯನ ಊರಿಗೆ ಹೋಗ್ತ್ರಂತಲ್ಲ. ನೀವೂ ಹೋಗ್ತ್ರಿ ಅಂದಿದ್ರಿ. ಮೂರು ಜನ ಆದ್ರಾ ಹಂಗಾರೆ?"

ಮಂದಾಕಿನಿ ಕೈಯಲ್ಲಿದ್ದ ಬಂಗಡೆಯನ್ನು ಬುಟ್ಟಿಗೆ ಹಾಕಿದಳು. ಬೊಮ್ಮಿ ಗೇರುಬೀಜ ಒಡೆಯುವುದನ್ನು ನಿಲ್ಲಿಸಿ ಇತ್ತಲೇ ನೋಡುತ್ತಿದ್ದಳು.

"ಹೌದು," ಎಂದಳು ಮಂದಾಕಿನಿ. "ಮೂರು ಜನ. ಇವತ್ತು ಮೀನು ಬ್ಯಾಡ."

ಮನೀಷಾಳ ತಾಯಿ ಜಯಂತಿ ಬಿಣಗಾದವಳು. ಗಂಡ ಅಲ್ಲಿಯ ಕಾರ್ಖಾನೆಯಲ್ಲಿದ್ದು ತೀರಿಕೊಂಡಿದ್ದ. ಅವಳು ಕಾರವಾರದ ಆಸ್ಪತ್ರೆಯೊಂದರಲ್ಲಿ ನರ್ಸಾಗಿ ನಿವೃತ್ತಳಾಗಿದ್ದಳು. ಮನೆಮಾತು ಕೊಂಕಣಿ, ಆದರೆ ಕನ್ನಡ, ಮರಾಠಿ, ಹಿಂದಿ ಎಲ್ಲವೂ ಬರುತ್ತಿತ್ತು. ಕೂದಲಿಗೆ ಬಣ್ಣ ಹಚ್ಚುತ್ತಿದ್ದಳು. ಒಬ್ಬಳೇ ಕಾಶಿಗೆ ಹೋಗಿ ಬಂದಿದ್ದಳು. ಇವೆಲ್ಲವನ್ನೂ ಮಂದಾಕಿನಿ ಹೇಗೋ ಸಹಿಸಿಕೊಂಡಿದ್ದಳು. ಸಹಿಸಲಾಗದ್ದು ಒಂದೇ. ಮದುವೆಯಾದ ಹೊಸದರಲ್ಲಿ ಅತ್ತೆ ಎನ್ನುತ್ತಿದ್ದ ನಿತೇಶ ಈಚೆಗೆ ಅವಳನ್ನೂ ಹೆತ್ತ ತಾಯಿಯಂತೆ ಆಯಿ ಎಂದೇ ಕರೆಯುತ್ತಿದ್ದ.

ಮಧ್ಯಾಹ್ನ ಎಲ್ಲರ ತಟ್ಟೆಗೂ ಬರೀ ತಂಬುಳಿ, ಅನ್ನ ಬಿತ್ತು. ಅದು ಶನಿವಾರ, ಸಂಧ್ಯಾ ಅರ್ಧ ದಿನ ಕೆಲಸ ಮುಗಿಸಿ ಬಂದಿದ್ದಳು.

"ಮೀನು ಬರ್ಲಿಲ್ವಾ?" ಎಂದು ಕೇಳಿದಳು.

"ಬಂದಿತ್ತು. ಮೀನಿನ ಸಂಗ್ತಿಗೆ ಸುದ್ದಿಯೂ ಬಂತು." ಮಂದಾಕಿನಿ ಸೊಸೆಯ ಕಡೆ ತಿರುಗಿದಳು. "ನಿನ್ನ ಆಯಿ ಸ್ವೆಟರು ತರ್ಸಿದ್ರಂತೆ. ಚಳಿ ಬಿತ್ತಾ ಬಿಣಗಾದಾಗೆ?"

ಮನೀಷಾ ಕಲಸಿದ ಅನ್ನವನ್ನು ಮತ್ತೂ ಕಲಸುತ್ತ ಕೂತಳು.

"ಕೇಳ್ದೆ ನಾನು."

"ಇವ್ರೇ ಹೇಳಿದ್ರು ಅತ್ತೆ. ಆಯಿನ ಕರ್ಕೊಂಡು ಬಾ ಅಂತ. ನಿಮ್ಗೆ ತಾವೇ ಹೇಳ್ತೆ ಅಂದಿದ್ರು."

"ಯಾವಾಗ ಹೇಳಿದ?"

"ಆಗ್ಲೇ."

"ಆಗ್ಲೇ ಅಂದ್ರೆ? ನಾ ಗುಡ್ಡ ಹತ್ತೂಕೆ ಹಿಡಿಯೂಕೆ ಮೊದಲಾ, ಆಮೇಲಾ?"

ಪುಂಡಲೀಕ, "ಊಟ ಆಗ್ಲಿ, ಮಂದಾ," ಎಂದ.

"ನಿಮಗೂ ಗೊತ್ತಿತ್ತು," ಎಂದಳು ಅವಳು. "ನಿನಗೂ ಗೊತ್ತಿತ್ತು ಸಂಧ್ಯಾ. ನಾ ಟೀವಿ ಮುಂದೆ ಮಂಗನ ಹಂಗೆ ಹಿಂದಿ ಹೇಳೂದು ನೋಡಿ ನಗ್ತಿದ್ರಿ."

ಮರುದಿನ ಫೋನು ಬಂದಾಗ ರಿಸೀವರು ಅವಳ ಕೈಯಲ್ಲೇ ಇತ್ತು. ನಿತೇಶ ಮೊದಲು ಹವೆಯ ವಿಷಯ ಹೇಳಿದ, ಆಮೇಲೆ ಎತ್ತುಗಳ ವಿಷಯ ಕೇಳಿದ. ಕೊನೆಗೆ ಹೇಳಿದ, "ಇಲ್ಲಿ ಉಸ್ರು ಸಿಗೂದಿಲ್ಲ ಆಯಿ. ನಿಂಗೆ ಬೀಪಿ ಅದೆ. ಮತ್ತೆ ದಿಲ್ಲಿಯಾಗೆ ರೈಲು ಇಳಿದು ಬಸ್ಸು ಹಿಡೀಬೇಕು, ಮನಾಲಿಯಾಗೆ ಜೀಪು. ಆಯಿಗೆ ಹಿಂದಿ ಬತ್ತದೆ, ಹಂಗಾಗಿ..."

"ಯಾವ ಆಯಿಗೆ?"

ಆ ಕಡೆ ಗಾಳಿಯ ಸದ್ದು ಮಾತ್ರ ಕೇಳಿಸಿತು.

"ನಾನೂ ಆಯಿಯೇ ಅಲ್ವಾ ನಿಂಗೆ? ಅದ್ಕೆ ಕೇಳ್ದೆ, ಯಾವ ಆಯಿ ಅಂತ."

"ಹಂಗೆಲ್ಲ ಹೇಳ್ಬೇಡ ಆಯಿ. ಮುಂದಿನ ವರ್ಷ ನಿಂಗೇ ಕರ್ಸ್ತೆ."

ಸೋಮವಾರ ಅವಳು ಅಂಕೋಲೆಗೆ ಹೋಗಿ ಡಾಕ್ಟರರಿಗೆ ಬೀಪಿ ತೋರಿಸಿದಳು. ಅವರು ಪಟ್ಟಿ ಕಟ್ಟಿ ಗಾಳಿ ಊದಿ ನೋಡಿ, ಗುಳಿಗೆ ತಪ್ಪಿಸದಿದ್ದರೆ ಹೆದರುವಂಥದ್ದೇನಿಲ್ಲ ಎಂದರು. ಮಂದಾಕಿನಿ ಮನೆಗೆ ಬಂದು ಜಗಲಿಯಲ್ಲೇ ನಿಂತು, ಮಷಿನ್ ಕೇಳಿಸಿಕೊಳ್ಳಲಿ ಎಂಬಂತೆ ಜೋರಾಗಿ ಹೇಳಿದಳು: "ಬೀಪಿ ಎಂತದೂ ಇಲ್ವಂತೆ. ಆಕಾಶಕ್ಕೆ ಬೇಕಾದ್ರೂ ಹೋಗ್ಬಹುದಂತೆ."

ಮನೀಷಾ ಸೂಜಿಗೆ ನೂಲು ಪೋಣಿಸುತ್ತ, "ಒಳ್ಳೇದಾಯ್ತು ಅತ್ತೆ," ಎಂದಳು. ಅಷ್ಟೇ.

ಆ ಅಷ್ಟೇ ಎಂಬುದು ಮಂದಾಕಿನಿಯ ಎದೆಯಲ್ಲಿ ಕೂತುಬಿಟ್ಟಿತು. ಸೊಸೆ ಎದುರು ಮಾತನಾಡಿದ್ದರೆ ಜಗಳವಾಗಿ ಮುಗಿಯುತ್ತಿತ್ತು. ಅವಳು ಮಾತನಾಡದೆ ಗೆಲ್ಲುತ್ತಿದ್ದಾಳೆ ಎನಿಸಿತು. ಮುಂದಿನ ದಿನಗಳಲ್ಲಿ ಮನೆಯ ಪಾತ್ರೆಗಳೆಲ್ಲ ಬಾಯಿ ಬಂದಂತೆ ಸದ್ದು ಮಾಡಿದವು. ಮನೀಷಾ ಕಸಬರಿಗೆ ಹಿಡಿದರೆ ಅವಳ ಕೈಯಿಂದ ಕಸಿದು ತಾನೇ ಗುಡಿಸಿದಳು. ಮನೀಷಾ ಕಾಯಿ ತುರಿದಿಟ್ಟರೆ ಅದನ್ನು ಬಿಟ್ಟು ಬೇರೆ ಕಾಯಿ ಒಡೆದಳು. ಮಾವಿನ ಹಪ್ಪಳ, ಸೀಗಡಿ ಪುಡಿಯ ಡಬ್ಬಿಗಳನ್ನು ಕಪಾಟಿಗೆ ಸೇರಿಸಿ ಬೀಗ ಹಾಕಿ ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಅಣ್ಣನಿಗೆ ಅಂತ ಮಾಡಿದ್ದಲ್ವಾ ಅದು?" ಎಂದಳು ಸಂಧ್ಯಾ.

"ಅವನಿಗೆ ಬೇಕಾದ್ರೆ ಬಿಣಗಾದ ಆಯಿ ಮಾಡಿ ಕೊಡ್ಲಿ."

"ಚಿಕ್ಕ ಮಕ್ಕಳ ಹಂಗೆ ಮಾಡ್ತೆ ನೀನು."

"ಹೌದು. ದೊಡ್ಡವ್ರು ನೀವೆಲ್ಲ ಆದ್ರಿ, ಮತ್ತೆ ನಾ ಎಂತಾಗಬೇಕು?"

ಹೊರಡುವ ದಿನ ಹತ್ತಿರವಾದಾಗ ಜಯಂತಿಯ ಫೋನು ಬಂತು. ಮನೀಷಾ ಮಾತನಾಡಿದಳು. ಕೊಂಕಣಿಯಲ್ಲಿ, ಬಹಳ ಮೆಲ್ಲಗೆ. ಮಂದಾಕಿನಿಗೆ ಕೊಂಕಣಿ ಅರ್ಥವಾಗುತ್ತಿತ್ತು, ಆದರೆ ಅಡಿಗೆಮನೆಯವರೆಗೆ ಬಂದದ್ದು ಒಂದೆರಡು ಶಬ್ದ ಮಾತ್ರ. ಅವಳನ್ನು ಕಳಿಸಬೇಡ. ತಿಳಿಯಬಾರದು. ಹಾಗೆಂದು ಕೇಳಿಸಿತೋ, ಕೇಳಿಸಿತೆಂದು ಅವಳಿಗನಿಸಿತೋ.

ಮನೀಷಾ ಫೋನಿಟ್ಟು ತಿರುಗುವಾಗ ಮಂದಾಕಿನಿ ಎದುರು ನಿಂತಿದ್ದಳು.

"ಎಂತ ಗುಟ್ಟು ತಾಯಿ ಮಗಳದ್ದು?"

"ಎಂತದೂ ಇಲ್ಲ ಅತ್ತೆ."

"ಅಲ್ಲಿ ಹೋಗಿ ಅವನ ಕಿವಿ ತುಂಬ್ಸೂದು, ಇಲ್ಲಿಯ ಮನೆ ಮರೆಸೂದು. ಅದೇ ಅಲ್ವಾ ಗುಟ್ಟು?"

"ಹಂಗೆಂತ ಇಲ್ಲ."

"ಎರಡು ವರ್ಷ ಆಯ್ತು, ಮಡ್ಲಾಗೆ ಒಂದು ಕೂಸಿಲ್ಲ. ಗಂಡನ ಹತ್ರ ಹೋಗೂದು ಅಂದ್ರೆ ತಾಯಿನ ಕಟ್ಕೊಂಡು ಹೋಗೂದು. ಅದು ಒಂದೇ ಖೋಲಿಯಂತಲ್ಲ. ನಡುವೆ ಅವಳನ್ನ ಮಲಗಿಸ್ಕೊಳ್ತ್ಯಾ?"

ಮಾತು ಬಾಯಿಂದ ಬಿದ್ದ ಮೇಲೆ ಮಂದಾಕಿನಿಗೇ ಅದು ಹೆಚ್ಚಾಯಿತೆನಿಸಿತು. ಆದರೆ ಹೆಕ್ಕಿಕೊಳ್ಳುವುದು ಹೇಗೆ? ಮನೀಷಾ ಅಳಲಿಲ್ಲ. ಅರ್ಧ ಹೊಲಿದ ರವಿಕೆಯನ್ನು ಮಡಚಿ ಮಷಿನ್ ಮೇಲಿಟ್ಟಳು. ಒಳಗೆ ಹೋಗಿ ಚೀಲ ತುಂಬಿಕೊಂಡು ಬಂದಳು. ಹಿತ್ತಲಲ್ಲಿ ಬಸಳೆಗೆ ನೀರು ಬಿಡುತ್ತಿದ್ದ ಮಾವನ ಹತ್ತಿರ ನಿಂತು ಏನೋ ಹೇಳಿ, ಕಾರವಾರದ ಬಸ್ಸು ಹಿಡಿದಳು.

ಸಂಜೆ ಸಂಧ್ಯಾ ಬಂದವಳು ತಾಯಿ ಬಡಿಸಿದ್ದನ್ನು ಮುಟ್ಟಲಿಲ್ಲ. ತಾನೇ ಅವಲಕ್ಕಿ ಕಲಸಿಕೊಂಡು ಕೋಣೆಗೆ ಹೋದಳು. ಮರುದಿನವೂ ಹಾಗೆಯೇ. ಪುಂಡಲೀಕ ಬೈಯುವವನಲ್ಲ. ಮೂರನೆಯ ದಿನ ಬೆಳಿಗ್ಗೆ ಅಂಗಿ ಹಾಕಿಕೊಂಡು ಬಂದು ಹೇಳಿದ:

"ಬಿಣಗಾಕ್ಕೆ ಹೋಗಿ ಮನೀಷಾನ ಕರ್ಕೊಂಡು ಬಾ. ನೀ ಹೋಗೂದಿಲ್ಲ ಅಂದ್ರೆ ನಾ ಹೋಗ್ತೆ. ನಾ ಹೋದ್ರೆ ನಿನ್ನ ಪರವಾಗಿ ತಪ್ಪಾಯ್ತು ಅಂತ ಹೇಳಿ ಬತ್ತೆ. ಯಾವ್ದು ಬೇಕು ನೋಡು."

ತನ್ನ ಪರವಾಗಿ ಇನ್ನೊಬ್ಬರು ತಪ್ಪಾಯ್ತು ಎನ್ನುವುದಕ್ಕಿಂತ ತಾನೇ ಹೋಗಿ ಅನ್ನದಿರುವುದು ಮೇಲೆಂದು ಮಂದಾಕಿನಿ ಹೊರಟಳು. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಏನೇನು ಕೇಳಬೇಕೆಂದು ಜೋಡಿಸಿಕೊಂಡಳು. ನಿಮಗೆ ಗಂಡು ಮಗನಿಲ್ಲವೆಂದು ನನ್ನ ಮಗನನ್ನು ಎಳೆದುಕೊಳ್ಳುವುದಾ ಎಂದು ಕೇಳಬೇಕು. ಬೀಗತನ ಎಂದರೆ ಇದೆಯಾ ಎಂದು ಕೇಳಬೇಕು. ಅರ್ಗಾ ದಾಟುವ ಹೊತ್ತಿಗೆ ಇನ್ನೂ ಎರಡು ಖಾರದ ಮಾತು ಸೇರಿಕೊಂಡವು. ಬಿಣಗಾದಲ್ಲಿ ಇಳಿದಾಗ ಮುಂಗಾರಿನ ಮೊದಲ ಹನಿ ಬೀಳುತ್ತಿತ್ತು. ಕೊಡೆ ತಂದಿರಲಿಲ್ಲ.

"ಯಾ, ಬಸಾ," ಎಂದು ಜಯಂತಿ ಬಾಗಿಲಲ್ಲಿ ನಿಂತು ಕೊಂಕಣಿಯಲ್ಲೇ ಒಳಗೆ ಕರೆದಳು. ಆಮೇಲೆ ಕನ್ನಡಕ್ಕೆ ಬಂದಳು. "ನೆನೆದು ಬಿಟ್ರಲ್ಲ ಮಂದಾಕಿನಿಬಾಯಿ. ಮನೀಷಾ, ಟವೆಲ್ ತಾ."

ಒಳಗೆ ಮಂಚದ ಮೇಲೆ ಪ್ರಯಾಣದ ಸಾಮಾನು ಹರಡಿತ್ತು. ಎರಡು ಸ್ವೆಟರು, ಉಲನ್ ಕಾಲುಚೀಲ. ಅವುಗಳ ಪಕ್ಕ ಬಿಳಿ ಬ್ಯಾಂಡೇಜಿನ ಸುರುಳಿ, ಹತ್ತಿ, ಮುಲಾಮಿನ ಟ್ಯೂಬು, ಸಣ್ಣ ಕತ್ತರಿ. ಮನೀಷಾ ಟವೆಲ್ ತಂದುಕೊಟ್ಟು ಅವಸರದಿಂದ ಅದರ ಮೇಲೆ ಸೀರೆಯೊಂದನ್ನು ಎಳೆದಳು.

"ನಾ ಕದಿಯೂಕೆ ಬಂದವಳಲ್ಲ, ಮುಚ್ಚೂದು ಬ್ಯಾಡ," ಎಂದಳು ಮಂದಾಕಿನಿ. "ಜಯಂತಿಬಾಯಿ, ನಾ ಒಂದು ಮಾತು ಕೇಳೂಕೆ ಬಂದೆ. ಹೆತ್ತವಳು ನಾನು ಬದುಕಿದ್ದೆ. ಬೀಪಿ ಇಲ್ಲ, ಕಾಲು ಗಟ್ಟಿ ಅದೆ. ಹಂಗಿರುವಾಗ ನೀವು ಯಾವ ಮುಖ ಇಟ್ಕೊಂಡು ಹೊರಟ್ರಿ? ಅಂವ ಕರೆದ್ರೂ, ಬ್ಯಾಡ, ನಿನ್ನ ತಾಯಿಗೆ ಕರಿ ಅಂತ ಹೇಳೂದಕ್ಕೆ ನಿಮಗೆ ಬಾಯಿ ಬರ್ಲಿಲ್ವಾ?"

"ಹೇಳಿದ್ದೆ," ಎಂದಳು ಜಯಂತಿ.

"ಮತ್ತೆ?"

"ಅಂವ ಒಪ್ಪಲಿಲ್ಲ."

ಮಂದಾಕಿನಿ ಟವೆಲ್ಲನ್ನು ಕುರ್ಚಿಯ ಮೇಲೆಸೆದಳು. "ಒಪ್ಪಲಿಲ್ಲ? ನಾ ಅಂವಗೆ ಅಷ್ಟು ಬ್ಯಾಡಾದವಳು, ನೀವು ಅಷ್ಟು ಬೇಕಾದವರು. ಅದನ್ನ ನನ್ನ ಎದುರಿಗೇ ಹೇಳ್ತ್ರಿ."

"ಆಯಿ, ನಕೊ," ಎಂದು ಮನೀಷಾ ತಡೆಯುತ್ತ ತಾಯಿಯ ಕೈ ಹಿಡಿದಳು.

ಜಯಂತಿ ಮಗಳ ಕೈ ಬಿಡಿಸಿ, ಮಂಚದ ಮೇಲಿನ ಸೀರೆಯನ್ನು ತೆಗೆದಳು. "ಇಲ್ಲ ಮಗಾ. ಇಷ್ಟು ಬೈಸ್ಕೊಂಡು ನಾ ರೈಲು ಹತ್ತೂದಿಲ್ಲ. ಕೂತ್ಕೊಳ್ಳಿ ಮಂದಾಕಿನಿಬಾಯಿ. ಜನವರಿಯಲ್ಲಿ ನಿತೇಶನ ಜೀಪು ಹಿಮದಲ್ಲಿ ಸಿಕ್ಕಿಬಿತ್ತು. ಇಡೀ ರಾತ್ರೆ ಅಲ್ಲೇ ಇದ್ರು. ಬೂಟಿನ ಒಳಗೆ ನೀರು ಹೋಗಿ ಕಾಲು ಹೆಪ್ಪುಗಟ್ಟಿತು. ಶಿಮ್ಲಾದ ಆಸ್ಪತ್ರೆಯಲ್ಲಿ ಎರಡು ಬೆರಳು ತೆಗೆದ್ರು. ಎಡಗಾಲಿನದು. ಅಂವ ಚಲೋ ಇದ್ದಾನೆ, ನಡೀತಾನೆ, ಕೆಲಸಕ್ಕೂ ಹೋಗ್ತಾನೆ. ಆದ್ರೆ ಗಾಯ ಒಂದು ಕಡೆ ಮಾಗೂದಿಲ್ಲ. ಮೇಲಿಂದ ಮೇಲೆ ಬಾಯಿ ಬಿಡ್ತದೆ. ಅಲ್ಲಿ ದಿನಾ ಕಟ್ಟಿ ಕೊಡುವವರು ಇಲ್ಲ. ನಾ ನರ್ಸು. ಅದ್ಕೆ ಕರೆದದ್ದು. ಹಿಂದಿಗೂ ಅಲ್ಲ, ಪ್ರೀತಿಗೂ ಅಲ್ಲ."

ಹೊರಗೆ ಹೆದ್ದಾರಿಯಲ್ಲಿ ಲಾರಿಗಳು ನೀರು ಸಿಡಿಸಿಕೊಂಡು ಹೋಗುತ್ತಿದ್ದವು. ಮಂದಾಕಿನಿ ಕುರ್ಚಿಯ ಅಂಚಿನಲ್ಲಿ ಕೂತಳು. ಬ್ಯಾಂಡೇಜಿನ ಸುರುಳಿಯನ್ನೇ ನೋಡುತ್ತ ಕೇಳಿದಳು:

"ಯಾರ್ಯಾರಿಗೆ ಗೊತ್ತು?"

ಮನೀಷಾ ತಾಯಿಯ ಮುಖ ನೋಡಿದಳು.

"ಇವರಿಗೆ?"

"ಮಾವನಿಗೆ ಆಗ್ಲೇ ಫೋನು ಮಾಡಿದ್ರು," ಎಂದಳು ಮನೀಷಾ. "ಸಂಧ್ಯಾಗೆ ಆಮೇಲೆ ಗೊತ್ತಾಯ್ತು."

"ಅಂದ್ರೆ ನಾ ಒಬ್ಳೇ." ಮಂದಾಕಿನಿಯ ದನಿ ಒಡೆಯಿತು. "ನಾ ಹೊತ್ತೆ, ನಾ ಹೆತ್ತೆ. ಆ ಬೆರಳಿಗೆ ಎಣ್ಣೆ ತಿಕ್ಕಿದವಳು ನಾನು. ಅದು ಇಲ್ಲ ಅಂತ ನಿಮ್ಗೆ ಗೊತ್ತು, ನಂಗೆ ಗೊತ್ತಿಲ್ಲ."

ಮಗನ ಕಾಲಿಗಿಂತ ಮೊದಲು ಅದು ಚುಚ್ಚಿತು. ಹಾಗೆ ಚುಚ್ಚಿದ್ದಕ್ಕೆ ನಾಚಿಕೆಯೂ ಆಯಿತು, ಆದರೂ ಚುಚ್ಚುವುದು ನಿಲ್ಲಲಿಲ್ಲ. ಆರು ತಿಂಗಳು ಈ ಹೆಂಗಸು ಅವಳ ಮಗನ ನೋವನ್ನು ತನ್ನ ಹತ್ತಿರ ಇಟ್ಟುಕೊಂಡಿದ್ದಳು.

"ನನ್ನ ಹತ್ರ ಮುಚ್ಚಿಟ್ಟದ್ದು ಎಂತಕ್ಕೆ? ನಾ ಸಾಯ್ತಿದ್ನಾ?"

ಜಯಂತಿ ಚಹಾದ ಲೋಟವನ್ನು ಅವಳ ಮುಂದಿಟ್ಟಳು. "ಗೋವಾದ ಕೆಲಸ ಅಂವ ಬಿಟ್ಟದ್ದು ಯಾಕೆ?"

ಮದುವೆಗೆ ಮೊದಲು ನಿತೇಶ ವಾಸ್ಕೋದಲ್ಲಿ ಕೆಲಸಕ್ಕಿದ್ದಾಗ ಅವನಿಗೆ ಟೈಫಾಯ್ಡ್ ಆಗಿತ್ತು. ಮಂದಾಕಿನಿ ಎರಡು ದಿನ ಅನ್ನ ಬಿಟ್ಟು, ದಿನಾ ಫೋನಿನಲ್ಲಿ ಅತ್ತು, ನೀನು ಬರದಿದ್ದರೆ ಬಾವಿಗೆ ಹಾರುತ್ತೇನೆಂದಿದ್ದಳು. ಅವನು ಒಳ್ಳೆಯ ಕೆಲಸ ಬಿಟ್ಟು ಬಂದು, ಒಂದೂವರೆ ವರ್ಷ ಗದ್ದೆಯ ಬದುವಿನ ಮೇಲೆ ಕೂತಿದ್ದ.

"ಈ ಸಲ ಹೊಸ ಸೇತುವೆ ಕೆಲಸ ಅವನ ಕೈಗೆ ಕೊಡ್ತಾರಂತೆ. ಅಂವಗೆ ಆ ಊರು ಮನಸ್ಸಿಗೆ ಹಿಡಿದದೆ," ಎಂದಳು ಜಯಂತಿ. "ಆಯಿಗೆ ಗೊತ್ತಾದ್ರೆ ಬಾ ಅಂತಾಳೆ, ಆಯಿ ಬಾ ಅಂದ್ರೆ ನಂಗೆ ಇಲ್ಲ ಅನ್ನೂಕಾಗೂದಿಲ್ಲ. ಇದು ಅಂವ ಹೇಳಿದ ಮಾತು. ನಾ ಬಾ ಅಂದ್ರೆ ಅಂವ ಬರೂದಿಲ್ಲ ಮಂದಾಕಿನಿಬಾಯಿ. ನನ್ನ ಮಾತು ಅಂವಗೆ ಅಷ್ಟೇ."

ಮಂದಾಕಿನಿ ಸೆರಗಿನಿಂದ ಮುಖ ಒರೆಸಿಕೊಂಡಳು. ಚಹಾ ಕುಡಿಯಲಿಲ್ಲ.

"ಗಾಯ ಕಟ್ಟೂದು ಕಷ್ಟವಾ?" ಎಂದು ಕೇಳಿದಳು.

ಜಯಂತಿ ಅವಳನ್ನೇ ನೋಡಿದಳು. "ಕಲಿತ್ರೆ ಕಷ್ಟ ಅಲ್ಲ. ನೀವೇ ಹೋಗ್ತ್ರಾ? ನಂಗೆ ಬೇಜಾರಿಲ್ಲ. ನಿಮ್ಮ ಹೆಸರಿಗೆ ಬೇರೆ ಟಿಕೆಟ್ ತೆಗೆದ್ರಾಯ್ತು. ಬನ್ನಿ, ತೋರಿಸ್ತೆ."

ಅವಳು ಸ್ಟೂಲಿನ ಮೇಲೆ ತನ್ನದೇ ಎಡಗಾಲನ್ನಿಟ್ಟಳು. ಕಿರುಬೆರಳನ್ನೂ ಅದರ ಪಕ್ಕದ್ದನ್ನೂ ಮಡಚಿ ಒಳಗೆ ಒತ್ತಿಕೊಂಡಳು. "ಇವು ಇಲ್ಲ ಅಂತ ತಿಳ್ಕೊಳ್ಳಿ. ಮೊದಲು ಹಳೇ ಪಟ್ಟಿ ಬಿಚ್ಚಬೇಕು. ಅಂಟಿಕೊಂಡಿರ್ತದೆ, ನೀರು ಹಾಕಿ ಮೆಲ್ಲ ಎಳೀಬೇಕು. ಅಂವ ಕೂಗ್ತಾನೆ, ಕೂಗ್ಲಿ. ಕೈ ನಿಲ್ಲಿಸ್ಬಾರ್ದು. ಆಮೇಲೆ ಒಳಗೆ ಕೀವು ಅದೆಯಾ ಅಂತ ಒತ್ತಿ ನೋಡ್ಬೇಕು."

ಮಂದಾಕಿನಿ ನೆಲದ ಮೇಲೆ ಕೂತು ಆ ಪಾದವನ್ನು ಹಿಡಿದಳು. ಅದು ಬೀಗತಿಯ ಪಾದ, ಹಿಮ್ಮಡಿ ಒಡೆದದ್ದು, ಬೆಳ್ಳಿಯ ಕಾಲುಂಗುರ ತೆಗೆದ ಗುರುತಿದ್ದದ್ದು. ಹತ್ತಿ ಇಟ್ಟಳು. ಪಟ್ಟಿಯ ಒಂದು ಸುತ್ತು ಹಾಕಿದಳು, ಎರಡನೆಯದನ್ನೂ ಹಾಕಿದಳು. ಮಡಚಿದ ಬೆರಳುಗಳ ಜಾಗಕ್ಕೆ ಬಂದಾಗ ಅವಳಿಗೆ ನಿತೇಶನ ಕಾಲು ಕಂಡಿತು. ಸುರುಳಿ ಕೆಳಗುರುಳಿ ಮಂಚದಡಿಗೆ ಹೋಯಿತು. ಅವಳು ಬಾಯಿಗೆ ಸೆರಗು ಒತ್ತಿಕೊಂಡು ಹಿತ್ತಲಿಗೆ ಓಡಿ, ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ವಾಂತಿ ಮಾಡಿಕೊಂಡಳು.

ಮನೀಷಾ ಬಂದು ಬೆನ್ನು ಸವರಿದಳು, ನೀರು ಕೊಟ್ಟಳು. ಮಂದಾಕಿನಿ ಬಾಯಿ ಮುಕ್ಕಳಿಸಿ, ಮಳೆಯಲ್ಲೇ ನಿಂತು ಹೇಳಿದಳು, "ನಂಗೆ ಆಗೂದಿಲ್ಲ. ನಾ ಅಲ್ಲಿ ಹೋದ್ರೆ ಅಳ್ತೆ. ಕೈ ಹಿಡಿದು ಎಳ್ಕೊಂಡು ಬತ್ತೆ."

ಮನೀಷಾ ಅವಳ ಕೈಯಿಂದ ಚೆಂಬು ತೆಗೆದುಕೊಂಡಳು.

"ಆ ದಿನ ನಿಂಗೆ ಆಡಿದ ಮಾತು ಚಲೋ ಅಲ್ಲ."

"ಇರ್ಲಿ ಅತ್ತೆ."

"ಇರ್ಲಿ ಅನ್ಬೇಡ. ಬೈ ಒಂದು ಸಲ. ನೀ ಬೈಯದೆ ಇದ್ರೆ ನಂಗೆ ಮತ್ತೂ ಸಿಟ್ಟು ಬತ್ತದೆ."

ಮನೀಷಾ ಅತ್ತೆಯ ಮುಖ ನೋಡಿದಳು. "ಮಷಿನ್ ಮೇಲಿನ ರವಿಕೆ ನಿಮ್ಮದೇ ಆಗಿತ್ತು," ಎಂದಳು. "ತೋಳು ಉಲ್ಟಾ ಹಚ್ಚಿ ಇಟ್ಟು ಬಂದೆ."

ಮಂದಾಕಿನಿಗೆ ನಗು ಬಂತೋ ಅಳು ಬಂತೋ, ಎರಡೂ ಅರ್ಧರ್ಧಕ್ಕೆ ನಿಂತವು.

ಒಳಗೆ ಬಂದು ಜಯಂತಿಗೆ ಹೇಳಿದಳು, "ನೀವೇ ಹೋಗಿ." ಹೇಳುವಾಗ ಗಂಟಲು ಉರಿಯಿತು. ವಾಂತಿಯಿಂದಲೂ ಇರಬಹುದು. "ಒಂದು ಮಾತು. ನಂಗೆ ಗೊತ್ತಾಯ್ತು ಅಂತ ಅಂವಗೆ ಹೇಳೂದು ಬ್ಯಾಡ. ಅಂವ ತಾನಾಗಿ ಹೇಳೂವರೆಗೆ ನಂಗೆ ಗೊತ್ತಿಲ್ಲ."

ಅತ್ತೆ ಸೊಸೆ ಒಂದೇ ಕೊಡೆಯಲ್ಲಿ ಅವರ್ಸಾಕ್ಕೆ ಬಂದರು. ಆ ದಿನ ಪುಂಡಲೀಕನ ತಟ್ಟೆಗೆ ಅನ್ನ ಬಿತ್ತು, ಸಾರು ಬಿತ್ತು, ಮಾತು ಬೀಳಲಿಲ್ಲ. ಮರುದಿನವೂ ಬೀಳಲಿಲ್ಲ. ಅವನೇ ಕೊನೆಗೆ ಹೇಳಿದ:

"ಅಂವ ಆಣೆ ಹಾಕಿಸ್ಕೊಂಡಿದ್ದ, ಮಂದಾ."

"ಗಂಡ ಹೆಂಡತಿ ಅಂದ್ರೆ ಮಗನ ಆಣೆಗಿಂತ ಕಡಿಮೆಯಾ?"

"ಆರು ತಿಂಗ್ಳು ನಂಗೂ ಒಂದೇ ಒಂದು ಊಟ ಸಮಾ ಇಳಿಯಲಿಲ್ಲ."

"ಇಳಿದದ್ದು ನಾ ನೋಡಿದ್ದೆ," ಎಂದಳು ಮಂದಾಕಿನಿ. ಆದರೆ ಆ ದಿನದಿಂದ ಮಾತು ಶುರುವಾಯಿತು, ಸಣ್ಣ ಸಣ್ಣದಾಗಿ. ದನದ ಹುಲ್ಲಿನ ಬಗ್ಗೆ, ಗದ್ದೆಗೆ ಬರುವ ಆಳುಗಳ ಬಗ್ಗೆ.

ಕಪಾಟಿನ ಬೀಗ ತೆಗೆದು ಡಬ್ಬಿಗಳನ್ನು ತಾನೇ ಕಟ್ಟಿಕೊಟ್ಟಳು. ಒಳ್ಳೆಯ ಮನಸ್ಸಿನಿಂದಲೇ ಕಟ್ಟಿದಳು, ಆದರೂ ಮಧ್ಯೆ ಮಧ್ಯೆ ಮನಸ್ಸು ಜಾರುತ್ತಿತ್ತು.

"ಈ ಹಪ್ಪಳ ನೀನೇ ಕೈಯಾರೆ ಕೊಡು. ನಿನ್ನ ಆಯಿ ಕೊಡೂದು ಬ್ಯಾಡ. ಸೀಗಡಿ ಪುಡಿ ನಾ ಮಾಡಿದ್ದು ಅಂತ ಹೇಳು. ಅವರೂ ಎಂತಾದ್ರೂ ಮಾಡಿ ತಂದಿರ್ತ್ರು, ಅದನ್ನ ಆಮೇಲೆ ತೆಗಿ."

"ಹೂಂ ಅತ್ತೆ."

"ಆಮೇಲೆ ಅಂದ್ರೆ ಮರುದಿನ."

ಸಂಧ್ಯಾ ಮೂಲೆಯಲ್ಲಿ ಕೂತು ನಕ್ಕಳು. ಮಂದಾಕಿನಿ ಅವಳ ಕಡೆ ಕಣ್ಣು ಬಿಟ್ಟಳು. ಆದರೆ ಆ ದಿನ ಮಗಳು ತಾಯಿ ಬಡಿಸಿದ್ದನ್ನೇ ಉಂಡಳು.

ದಿಲ್ಲಿ ರೈಲು ಕಾರವಾರಕ್ಕೆ ಬರುವಾಗ ಧಾರಾಕಾರ ಮಳೆ. ಜಯಂತಿ ಹೊಸ ಬೂಟು ಹಾಕಿಕೊಂಡಿದ್ದಳು. ಕಿಟಕಿಯ ಪಕ್ಕ ಕೂತು, ಹುಡುಗಿಯಂತೆ ಹೊರಗೆ ಕೈ ಬೀಸಿದಳು. ಮಂದಾಕಿನಿಯೂ ಬೀಸಿದಳು. ರೈಲು ಹೋದ ಮೇಲೆ ಸಂಧ್ಯಾಗೆ ಹೇಳಿದಳು, "ಗಾಯ ಕಟ್ಟೂಕೆ ಹೋಗುವವರಿಗೆ ಅಷ್ಟು ಖುಷಿ ಇರೂದಿಲ್ಲ. ಊರು ನೋಡೂಕೂ ಹೊರಟಾರೆ."

"ನೋಡ್ಲಿ ಬಿಡು ಆಯಿ."

"ನೋಡ್ಲಿ. ನಾ ಬ್ಯಾಡ ಅಂದ್ನಾ?"

ಮುಂದಿನ ದಿನಗಳು ಅವಳಿಗೆ ಕಷ್ಟದವಾದವು. ಸಸಿ ಕೀಳುವಾಗ, ಕೊಟ್ಟಿಗೆ ಬಳಿಯುವಾಗ, ಈಗ ಮನಾಲಿಯಲ್ಲಿರಬಹುದು, ಈಗ ಜೀಪಿನಲ್ಲಿರಬಹುದು ಎಂದುಕೊಳ್ಳುವಳು. ಈಗ ಅವನ ಕಾಲು ಆ ಹೆಂಗಸಿನ ತೊಡೆಯ ಮೇಲಿರಬಹುದು ಎಂದುಕೊಂಡಾಗ ಕೈಯಲ್ಲಿದ್ದ ಸಸಿಯ ಕಟ್ಟು ಜಾರುತ್ತಿತ್ತು. ತಲುಪಿದೆವು ಎಂದು ಮನೀಷಾ ಒಂದು ಸಲ ಫೋನು ಮಾಡಿದಳು. ಉಸಿರು ಸ್ವಲ್ಪ ಕಟ್ಟುತ್ತದೆ, ಮರವೇ ಇಲ್ಲದ ಬೋಳು ಗುಡ್ಡಗಳು, ಬಟಾಣಿ ಗದ್ದೆ ಹಸುರಾಗಿದೆ ಎಂದಳು. ಹಿಂದೆ ಯಾರೋ ನಗುವುದು ಕೇಳಿಸಿತು. ಮನೀಷಾಳೂ ನಕ್ಕು, ಮೂರೂ ಜನರ ನಗುವಾಯಿತು. ಮಂದಾಕಿನಿ ಬೇಗ ಫೋನಿಟ್ಟಳು.

ಆಮೇಲಿನ ಭಾನುವಾರ ನಿತೇಶ ತಾನೇ ಮಾಡಿದ. ಪುಂಡಲೀಕ ಊಟಕ್ಕೆ ಕೂತಿದ್ದ. ಸಂಧ್ಯಾ ಮನೆಯಲ್ಲಿರಲಿಲ್ಲ.

"ಆಯಿ, ಒಂದು ವಿಷಯ ಹೇಳ್ತೆ. ನೀ ಹೆದರ್ಬೇಡ. ನನ್ನ ಕಾಲಿಗೆ ಸ್ವಲ್ಪ ಆಗಿತ್ತು. ಚಳಿಗಾಲದಾಗೆ."

"ಎಂತಾಗಿತ್ತು?"

ಅವನು ಹೇಳಿದ. ಜೀಪು, ಹಿಮ, ಶಿಮ್ಲಾ, ಬೆರಳು. ಎಲ್ಲ ಅವಳಿಗೆ ಗೊತ್ತಿದ್ದದ್ದೇ. ಆದರೂ ಅವನ ಬಾಯಿಂದ ಬರುವಾಗ ಅದು ಆ ಗಳಿಗೆಯೇ ಆಗುತ್ತಿರುವಂತೆ ಅನಿಸಿತು. ಗೋಡೆಗೆ ಆತುಕೊಂಡು, ಬಾಯಿಗೆ ಸೆರಗು ಒತ್ತಿ, ಸದ್ದು ಹೊರಬೀಳದಂತೆ ಅತ್ತಳು.

"ಆಯಿ? ಇದ್ಯಾ?"

"ಇದ್ದೆ. ಈಗ ಹ್ಯಾಂಗದೆ?"

"ಮಾಗ್ತಾ ಅದೆ. ಜಯಂತಿಆಯಿ ದಿನಾ ಕಟ್ತ್ರು." ತುಸು ತಡೆದು ಕೇ‌ಳಿದ, "ಬಾ ಅನ್ನೂದಿಲ್ವಾ ನೀನು?"

ಆ ಮಾತು ಅವಳ ನಾಲಿಗೆಯ ತುದಿಯಲ್ಲೇ ಇತ್ತು. ಒಂದು ಶಬ್ದ. ಹೇಳಿದರೆ ಅವನು ಬರುತ್ತಾನೆ. ಬೇರೆ ಯಾರು ಹೇಳಿದರೂ ಬಾರದವನು ಅವಳು ಹೇಳಿದರೆ ಬರುತ್ತಾನೆ.

"ಎಂತಕ್ಕೆ?" ಎಂದಳು. "ಸೇತುವೆ ಮುಗೀಲಿ."

ಆ ಕಡೆಯಿಂದ ದೀರ್ಘವಾದ ಉಸಿರು ಕೇಳಿಸಿತು.

"ಇದನ್ನ ಬೇರೆ ಯಾರಿಗೆ ಹೇಳಿದ್ದೆ ನೀನು?" ಎಂದು ಕೇಳಿದಳು.

"ಯಾರಿಗೂ ಇಲ್ಲ ಆಯಿ. ಇವ್ರಿಗೆ ಇಲ್ಲಿಗೆ ಬಂದ ಮೇಲೆ ಕಾಣಿಸ್ತು, ಅಷ್ಟೇ. ಬಾಯಿ ಬಿಟ್ಟು ಹೇಳೂದು ನಿಂಗೇ ಮೊದಲು."

"ಹೌದಾ," ಎಂದಳು ಮಂದಾಕಿನಿ.

ಫೋನಿಟ್ಟು ಅಡಿಗೆಮನೆಗೆ ಬಂದಾಗ ಪುಂಡಲೀಕ ಊಟ ನಿಲ್ಲಿಸಿ ಕಾಯುತ್ತಿದ್ದ.

"ಎಂತ ಹೇಳ್ದ?"

"ಕಾಲಿನ ವಿಷಯ ಎಲ್ಲಾ ಹೇಳ್ದ." ಕಣ್ಣೊರೆಸಿಕೊಂಡು ಅನ್ನದ ಪಾತ್ರೆ ಎತ್ತಿಕೊಂಡಳು. "ಮೊದಲು ನಂಗೇ ಹೇಳೂದಂತೆ."

ಪುಂಡಲೀಕ ತಲೆಯೆತ್ತಿ ಹೆಂಡತಿಯ ಮುಖವನ್ನು ನೋಡಿದ. ಆಮೇಲೆ ತಟ್ಟೆಯ ಕಡೆ ನೋಡುತ್ತ, "ಹೌದಾ? ನಂಗೆ ಎಂತದೂ ಗೊತ್ತೇ ಇರ್ಲಿಲ್ಲ," ಎಂದ.

"ನಿಮ್ಗೆ ಹ್ಯಾಂಗೆ ಗೊತ್ತಿರ್ತದೆ?" ಎಂದಳು ಮಂದಾಕಿನಿ, ಅನ್ನ ಬಡಿಸುತ್ತ. "ತಾಯಿಗೆ ಹೇಳೂ ಮಾತು ಅದು."